ಬೆನ್ನು ತಿರುಗಿಸಿದ ಕುರ್ಚಿ

ಭಾನುವಾರ ಬೆಳಿಗ್ಗೆ ರೇನರ್ಸ್ ಲೇನಿನ ನಮ್ಮ ಮನೆಯಿಂದ ಹೇಸ್ ಕಡೆಯ ಪಾರ್ಕಿಗೆ ಹೊರಡುವಾಗ ನನ್ನ ಜೊತೆ ಒಂದು ಮಡಿಸುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿ ತುಂಬ ಕೋಡುಬಳೆ, ಒಂದು ಶಾಲು ಮತ್ತು ಅರ್ಧ ಹೆಣೆದ ಸ್ವೆಟರು ಇರುತ್ತವೆ. ಮಗಳು ಬಾಗಿಲಲ್ಲಿ ನಿಂತು, ಆಟ ನೋಡೋಕೆ ಹೊರಟಿದೀಯೋ ಬೀಗರ ಮನೆಗೋ ಎಂದು ರೇಗಿಸುತ್ತಾಳೆ. ಅವಳು ಜಿಪಿ, ಇಲ್ಲಿನ ಫ್ಯಾಮಿಲಿ ಡಾಕ್ಟರು. ವಾರವೆಲ್ಲ ಊರವರ ಮಂಡಿನೋವು ಕೇಳಿ ಕೇಳಿ, ಭಾನುವಾರ ಯಾರ ಮಾತೂ ಬೇಡ ಎಂದು ಮುಸುಕು ಹೊದೆಯುವವಳು. ನನಗೋ ಭಾನುವಾರ ಬಂದರೇ ಜೀವ ಬಂದಂತೆ. ವಯಸ್ಸಾದವರಿಗೆ ಪುಕ್ಕಟೆ ಕೊಡುವ ಫ್ರೀಡಮ್ ಪಾಸ್ ತೋರಿಸಿ ಬಸ್ ಹತ್ತಿ, ಕುರ್ಚಿಯನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಕೂರುತ್ತೇನೆ.

ನಾನೊಂದು ಬೇಸ್‌ಬಾಲ್ ಟೀಮಿನ ಫ್ಯಾನ್. ಯುಗಾದಿ ಊಟಕ್ಕೆ ಸೇರುವ ನಮ್ಮ ಕನ್ನಡದವರಿಗೆ ಇದನ್ನು ಹೇಳಿದರೆ ಹೋಳಿಗೆ ಅರ್ಧಕ್ಕೆ ನಿಲ್ಲಿಸಿ ನೋಡುತ್ತಾರೆ. ಲಂಡನ್ನಿನಲ್ಲಿ ಬೇಸ್‌ಬಾಲ್ ಆಡ್ತಾರಾ ಎನ್ನುತ್ತಾರೆ. ಆಡುತ್ತಾರೆ. ನಾಯಿ ತಿರುಗಾಡಿಸುವವರು, ಫುಟ್‌ಬಾಲಿನವರು ಎಲ್ಲ ಒಳ್ಳೆಯ ಜಾಗ ಹಿಡಿದ ಮೇಲೆ ಮಿಕ್ಕ ಮೂಲೆಯಲ್ಲಿ, ಬ್ಲ್ಯಾಕ್‌ಬೆರಿ ಮುಳ್ಳುಪೊದೆಯ ಪಕ್ಕದಲ್ಲಿ ಆಡುತ್ತಾರೆ. ತಲೆಯ ಮೇಲೆ ಹೀಥ್ರೂಗೆ ಇಳಿಯುವ ವಿಮಾನ. ನೋಡುವವಳು ಸಾಮಾನ್ಯವಾಗಿ ನಾನೊಬ್ಬಳೇ. ಆಗಾಗ ಒಂದು ನಾಯಿ.

ನಮ್ಮ ಟೀಮು ಲೀಗಿನ ತೀರ ಕೆಳಗಿನಿಂದ ಎರಡನೆಯ ಮೆಟ್ಟಿಲಿನದು. ಕೋಚ್ ವೆನೆಜುವೆಲಾದವನು, ವಾರದಲ್ಲಿ ಬಸ್ ಓಡಿಸುತ್ತಾನೆ. ಚೆಂಡೆಸೆಯುವ ಪಿಚರ್ ಇಲ್ಲಿನ ಪ್ರೈಮರಿ ಸ್ಕೂಲ್ ಮೇಷ್ಟರು. ಮನುಷ್ಯ ಎಷ್ಟು ಸಾಧು ಎಂದರೆ, ಎದುರಾಳಿಗೆ ಚೆಂಡು ತಗುಲಿದರೆ ಆಟ ನಿಲ್ಲಿಸಿ ಹೋಗಿ ನೋಯ್ತಾ ಎಂದು ಕೇಳುತ್ತಾರೆ. ಉಳಿದವರಲ್ಲಿ ಯಾರಿಗೆ ಯಾವ ಭಾನುವಾರ ಡ್ಯೂಟಿ ಬೀಳುತ್ತದೋ ಹೇಳಲಾಗದು. ಒಂಬತ್ತು ಜನ ಸೇರಿದರೆ ಅದೇ ಅರ್ಧ ಗೆಲುವು. ಹೋದ ವರ್ಷದವರೆಗೆ ಅವರ ನಡುವೆ ಒಬ್ಬಳೇ ಹುಡುಗಿ, ನನ್ನ ಮೊಮ್ಮಗಳು. ಅವಳ ಅಮ್ಮ ಭಾನುವಾರ ಏಳುವುದಿಲ್ಲವಲ್ಲ, ಜೊತೆಗಿರಲಿ ಎಂದು ಎರಡು ಬೇಸಿಗೆಯ ಹಿಂದೆ ನನ್ನನ್ನು ಕಳಿಸಿದಳು. ಕಾವಲಿಗೆ ಹೋದವಳು ಭಕ್ತೆಯಾಗಿಬಿಟ್ಟೆ.

ಮೊದಲ ದಿನವೇ ಆಟದ ಗುರುತು ಹಿಡಿದೆ. ಇದು ನಮ್ಮ ರೌಂಡರ್ಸ್. ಮೈಸೂರಿನ ಕಾನ್ವೆಂಟಿನಲ್ಲಿ ಐರಿಷ್ ಸಿಸ್ಟರ್ ಒಬ್ಬರು ನಮಗೆ ಅದನ್ನು ಕಲಿಸಿದ್ದರು. ಹೊಡೆಯಬೇಕು, ಓಡಬೇಕು, ಸುತ್ತಿ ಬಂದು ಮೊದಲಿನ ಜಾಗ ಮುಟ್ಟಬೇಕು. ಸಿಸ್ಟರ್ ತಮ್ಮ ಉದ್ದನೆಯ ಬಿಳಿ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಜಪಮಾಲೆ ಗಲಗಲ ಎನ್ನಿಸುತ್ತ ಓಡುತ್ತಿದ್ದರು. "ರನ್, ಗರ್ಲ್ಸ್, ರನ್, ಲೇಡಿಲೈಕ್ ಆಮೇಲೆ" ಎನ್ನುವುದು ಅವರಿಗೆ ಬರುತ್ತಿದ್ದ ಕನ್ನಡದ ಬಹುಭಾಗ. ನಾನು ಚೆನ್ನಾಗಿ ಓಡುತ್ತಿದ್ದೆ. ನನ್ನ ಎರಡು ಜಡೆ ನನ್ನ ಹಿಂದೆ ಬರುತ್ತಿದ್ದವು ಎಂದು ಗೆಳತಿಯರು ಹೇಳುತ್ತಿದ್ದರು. ಈಗ ಮೆಟ್ಟಿಲು ಹತ್ತುವಾಗ ಅದೇ ಮಂಡಿ ಬೇರೆ ಭಾಷೆ ಮಾತಾಡುತ್ತದೆ.

ಇಷ್ಟೆಲ್ಲ ಪ್ರೀತಿ ಇದ್ದೂ ನಾನು ಆ ಎರಡು ಬೇಸಿಗೆ ನಮ್ಮ ಟೀಮ್ ಬ್ಯಾಟ್ ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ನಮ್ಮವರು ಬ್ಯಾಟ್ ಹಿಡಿದ ಕೂಡಲೇ ನನ್ನ ಕುರ್ಚಿಯನ್ನು ಮುಳ್ಳುಪೊದೆಯ ಕಡೆಗೆ ತಿರುಗಿಸಿ, ಆಟಕ್ಕೆ ಬೆನ್ನು ಹಾಕಿ, ಸ್ವೆಟರ್ ಹೆಣೆಯುತ್ತ ಕೂರುತ್ತಿದ್ದೆ. ಯಾಕೆಂದರೆ ನಾನು ನೋಡಿದರೆ ಔಟ್.

ಇದು ಇವತ್ತಿನ ಮಾತಲ್ಲ. ಮದುವೆಯಾದ ಹೊಸದರಲ್ಲಿ ನಮ್ಮನೆಯವರು ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದರು. ನಾನು ಕಾಫಿ ತಂದಿಟ್ಟೆ, ವಿಕೆಟ್ ಬಿತ್ತು. ಲೋಟ ತೆಗೆದುಕೊಂಡು ಹೋಗಲು ಬಂದೆ, ಇನ್ನೊಂದು ಬಿತ್ತು. ಅಲ್ಲಿಗೆ ನನ್ನ ಹಣೆಬರಹ ನಿಶ್ಚಯವಾಯಿತು. ಕ್ರಿಕೆಟ್ ಹುಚ್ಚಿನ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವ್ರತ. ಜೊತೆಯಾಟ ಕುದುರಿದಾಗ ಕೂತವರು ಏಳುವಂತಿಲ್ಲ, ನಿಂತವರು ಕೂರುವಂತಿಲ್ಲ, ಅಪಶಕುನದವರು ಒಳಗೆ ಬರುವಂತಿಲ್ಲ. ನಮ್ಮನೆಯವರು ಹಾರ್ಟ್ ಡಾಕ್ಟರ್, ಆಮೇಲೆ ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಸೈನ್ಸು ಡ್ಯೂಟಿಯ ಕೋಟಿನ ಜೊತೆ ಗೂಟಕ್ಕೆ ನೇತುಬೀಳುತ್ತಿತ್ತು. ಲಂಡನ್ನಿಗೆ ಬಂದು ಕಲರ್ ಟೀವಿ ಕೊಂಡ ಮೇಲೂ ಮ್ಯಾಚ್ ದಿನ ನಾನು ಅಡುಗೆಮನೆಯಲ್ಲೇ. ಬಾಗಿಲ ಸಂದಿಯಿಂದ ಕೇಳಿಸಿಕೊಂಡೇ ನಾನು ಅರ್ಧ ಜೀವಮಾನದ ಕ್ರಿಕೆಟ್ ಕಲಿತೆ. ಬೇಜಾರೇನೂ ಇರಲಿಲ್ಲ. ಗೆದ್ದ ದಿನ ಅವರು ಅಡುಗೆಮನೆಗೆ ಬಂದು, ಇದು ನಿನ್ನಿಂದಲೇ ಕಣೇ, ಎನ್ನುತ್ತಿದ್ದರು. ಎಷ್ಟು ಜನ ಹೆಂಡಿರಿಗೆ ಅಷ್ಟು ಕ್ರೆಡಿಟ್ ಸಿಕ್ಕೀತು?

ಹಾಗಾಗಿ ಪಾರ್ಕಿನಲ್ಲಿ ನನ್ನ ಕುರ್ಚಿ ತಾನಾಗಿಯೇ ತಿರುಗಿತು. ಕೋಚ್ ಬಂದು ಕಾರಣ ಕೇಳಿದಾಗ ನಾಚಿಕೆಯಿಂದಲೇ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ಅವನು ನಗಲಿಲ್ಲ, ಗಂಭೀರವಾಗಿ ತಲೆಯಾಡಿಸಿದ. ಆಮೇಲೆ ತಿಳಿಯಿತು, ಬೇಸ್‌ಬಾಲಿನವರ ಮುಂದೆ ನಮ್ಮ ಮನೆಯ ಮಡಿ ಏನೂ ಅಲ್ಲ. ಮೈದಾನದ ಸುಣ್ಣದ ಗೆರೆಯನ್ನು ಕೋಚ್ ಎಂದೂ ತುಳಿಯುವುದಿಲ್ಲ, ಹೊಸಿಲು ದಾಟುವ ಹಾಗೆ ದಾಟುತ್ತಾನೆ. ಮೇಷ್ಟರು ಗೆಲ್ಲುತ್ತಿರುವಷ್ಟು ವಾರ ಕಾಲುಚೀಲ ಒಗೆಯುವುದಿಲ್ಲ. ಅವರು ಪಕ್ಕದಲ್ಲಿ ಸುಳಿದರೆ ನನಗೂ ಅದು ಗೊತ್ತಾಗುತ್ತದೆ. ಇವರು ನಮ್ಮೋರೇ ಎನ್ನಿಸಿತು. ಕುರ್ಚಿ ತಿರುಗಿದ ದಿನ ಗೆದ್ದೆವು, ಮುಂದಿನ ವಾರವೂ ಗೆದ್ದೆವು. ಅಲ್ಲಿಗೆ ನನ್ನ ಬೆನ್ನು ಟೀಮಿನ ಆಸ್ತಿಯಾಯಿತು. ಹೊಸಬ ಯಾರಾದರೂ ಬಂದರೆ ಕೋಚ್ ನನ್ನ ಕಡೆ ಕೈ ತೋರಿಸಿ ವಿವರಿಸುತ್ತಿದ್ದ. ಆ ಹುಡುಗ ಗುಡಿಯ ಮುಂದೆ ನಿಂತವನ ಹಾಗೆ ನೋಡುತ್ತಿದ್ದ.

ನೋಡದಿದ್ದರೂ ಕೇಳಿಸುತ್ತಿತ್ತು. ಟಣ್ ಎಂದರೆ ಚೆನ್ನಾಗಿ ಬಿತ್ತು. ಟಕ್ ಎಂದರೆ ಚೆಂಡು ಹಿಂದಕ್ಕೆಲ್ಲೋ ಹಾರಿತು. ಏನೂ ಸದ್ದಿಲ್ಲದೆ ಹಿಂದೆ ಕೂತ ಕ್ಯಾಚರನ ಚರ್ಮದ ಗ್ಲೋವಿನಲ್ಲಿ ಪಟ್ ಎಂದರೆ ಬೀಸಿದ್ದು ಗಾಳಿಗೆ, ಅದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್. ನನ್ನ ಮೊಮ್ಮಗಳ ಸರದಿಯಲ್ಲಿ ಪಟ್ ಪಟ್ ಪಟ್ ಎನ್ನುವುದೇ ಹೆಚ್ಚು.

ಕಳೆದ ಸೆಪ್ಟೆಂಬರಿನಲ್ಲಿ ಸೀಸನ್ನಿನ ಕೊನೆಯ ಮ್ಯಾಚ್. ಗೆದ್ದರೆ ಇದೇ ಮೆಟ್ಟಿಲಿನಲ್ಲಿ ಉಳಿಯುತ್ತೇವೆ, ಸೋತರೆ ತೀರ ಕೆಳಗೆ. ಅದರ ಮುಂದಿನ ವಾರ ಮೊಮ್ಮಗಳು ಸ್ಕಾಟ್‌ಲೆಂಡಿನ ಯೂನಿವರ್ಸಿಟಿಗೆ ಹೊರಡುವವಳು. ಹೊಸ ಲೈಸೆನ್ಸಿನ ಜೋರಿನಲ್ಲಿ ಅವಳೇ ಕಾರ್ ಓಡಿಸುತ್ತಿದ್ದಳು, ನಾನು ಹಿಡಿಕೆ ಬಿಗಿಯಾಗಿ ಹಿಡಿದು ಕೂತಿದ್ದೆ. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮುಖ್ಯವಾದದ್ದನ್ನು ಹೇಳುವಾಗ ಎರಡೂ ಸೇರಿಕೊಳ್ಳುತ್ತವೆ.

"ಅಜ್ಜಿ, ಇವತ್ತು ನೋಡ್ತೀಯಾ?" ಎಂದಳು. "ಯು ಹ್ಯಾವ್ ನೆವರ್ ಸೀನ್ ಮಿ ಬ್ಯಾಟ್."

ಟೀಮ್ ಸೋತರೆ ಎಂದೆ ನಾನು.

"ನಾನು ಹೇಗೂ ಔಟ್ ಆಗ್ತೀನಿ. ಅಟ್ ಲೀಸ್ಟ್ ನೀನು ನೋಡಿದ ಹಾಗಾಗುತ್ತೆ."

ಟ್ರಾಫಿಕ್ ಲೈಟ್ ಹಸಿರಾಯಿತು, ಹಿಂದಿನ ಕಾರು ಹಾರ್ನ್ ಹಾಕಿತು, ಮಾತು ಅಲ್ಲಿಗೆ ನಿಂತಿತು. ನನ್ನೊಳಗೆ ನಿಲ್ಲಲಿಲ್ಲ.

ಆಟದುದ್ದಕ್ಕೂ ನನ್ನ ಬೆನ್ನು ತನ್ನ ಕೆಲಸ ಮಾಡಿತು. ಕೊನೆಯ ಸರದಿಗೆ ಬಂದಾಗ ಎರಡೂ ಕಡೆ ಸಮ ಸಮ. ನಮ್ಮವರಲ್ಲಿ ಇಬ್ಬರು ಆಗಲೇ ಔಟ್, ಮೂರನೆಯವರು ಔಟಾದರೆ ಸರದಿ ಮುಗಿಯಿತು. ಮೇಷ್ಟರು ಸುತ್ತಿನ ಕೊನೆಯ ತಂಗುದಾಣವಾದ ಮೂರನೆಯ ಬೇಸಿನವರೆಗೆ ಹೋಗಿ ನಿಂತಿದ್ದಾರೆ, ಅಲ್ಲಿಂದ ಮನೆಗೆ, ಅಂದರೆ ಬ್ಯಾಟ್ ಹಿಡಿದು ನಿಲ್ಲುವ ಜಾಗಕ್ಕೆ, ಬಂದು ಮುಟ್ಟಿದರೆ ನಾವು ಗೆದ್ದೆವು. ಇದೆಲ್ಲ ಅವರ ಕೂಗಾಟದಿಂದ ನನಗೆ ತಿಳಿದದ್ದು. ಆಮೇಲೆ ಕೂಗಾಟ ಸಣ್ಣಗಾಯಿತು. ಆ ಸಣ್ಣಗಾದದ್ದರಿಂದಲೇ ಈಗ ಬ್ಯಾಟ್ ಹಿಡಿದು ಬರುತ್ತಿರುವವಳು ಯಾರೆಂದು ಗೊತ್ತಾಯಿತು.

ಪಟ್ ಎಂದಿತು. ಮತ್ತೊಂದು ಪಟ್.

ನನ್ನ ಕಣ್ಣೆದುರು ಬ್ಲ್ಯಾಕ್‌ಬೆರಿ ಪೊದೆ. ಹಣ್ಣು ಕಳಿತು ಸುಕ್ಕುಗಟ್ಟಿದ್ದವು. ಇದ್ದಕ್ಕಿದ್ದಂತೆ ಆಸ್ಪತ್ರೆಯ ರೂಮು ನೆನಪಾಯಿತು. ಮೂರು ವರ್ಷದ ಹಿಂದೆ ನಮ್ಮನೆಯವರು ಅಲ್ಲಿ ಮಲಗಿದ್ದಾಗ ಮಗಳು ಟ್ಯಾಬ್ಲೆಟ್ಟಿನಲ್ಲಿ ಮ್ಯಾಚ್ ಹಾಕಿಕೊಟ್ಟಿದ್ದಳು. ನಾನು ಅಭ್ಯಾಸದಂತೆ ಕಾರಿಡಾರಿಗೆ ಎದ್ದೆ. ಅವರು, "ಇವಳೇ, ಇವತ್ತು ಒಳಗೇ ಕೂತ್ಕೋ. ಔಟಾದರೆ ಆಗಲಿ" ಎಂದರು. ಕೂತೆ. ಆ ಓವರಿನಲ್ಲೇ ಒಂದು ಬಿತ್ತು. ಅವರಿಗೆ ಎಷ್ಟು ಖುಷಿಯಾಯಿತು ಎಂದರೆ, ನೋಡಿದ್ಯಾ, ನಾನು ಹೇಳಿರಲಿಲ್ವಾ, ಎಂದು ಕೆಮ್ಮುವಷ್ಟು ನಕ್ಕರು. ಹಿಡಿದ ಕೈ ಬಿಡಲಿಲ್ಲ. ಆ ಮ್ಯಾಚನ್ನು ನಾವು ಸೋತೆವು ಎಂದು ಆಮೇಲೆ ಯಾರೋ ಹೇಳಿದರು. ನನಗೆ ಸೋತ ನೆನಪೇ ಇಲ್ಲ.

ಎದ್ದು ಕುರ್ಚಿ ಎತ್ತಿ ಆಟದ ಕಡೆಗೆ ತಿರುಗಿಸಿ ಇಟ್ಟೆ.

ಮೊದಲು ನೋಡಿದವನು ಕೋಚ್. ಅವನ ಮುಖ, ಬಸ್ಸಿನ ಬ್ರೇಕು ಹಿಡಿಯದಿದ್ದವನ ಮುಖ. ಕ್ಯಾಪ್ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಮೂರನೆಯ ಬೇಸಿನಲ್ಲಿ ಮೇಷ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. ಮೊಮ್ಮಗಳೂ ತಿರುಗಿ ನೋಡಿದಳು. ಹೆಲ್ಮೆಟ್ಟಿನ ಕೆಳಗೆ ನಕ್ಕಳು. ಮೊಣಕೈ ಸ್ವಲ್ಪ ಎತ್ತಿ, ಎಡಗಾಲು ಮುಂದಿಟ್ಟು ನಿಂತಳು. ಯಾರೂ ಕಲಿಸಿದ್ದಲ್ಲ. ರೌಂಡರ್ಸಿನಲ್ಲಿ ನಾನು ನಿಲ್ಲುತ್ತಿದ್ದದ್ದು ಹಾಗೆಯೇ.

ಚೆಂಡು ಬಂತು. ಅವಳು ಜೋರಾಗಿ ಬೀಸಿದಳು. ಗಾಳಿಗೆ ಬೀಸಿದಳು.

ಮೂರು ಸ್ಟ್ರೈಕ್. ಮುಗಿಯಿತು, ನನ್ನ ಕಣ್ಣು ತನ್ನ ಕೆಲಸ ಮಾಡಿತು, ಎಂದು ಶಾಲು ಸರಿಮಾಡಿಕೊಂಡೆ. ಆದರೆ ಪಟ್ ಎನ್ನುವ ಸದ್ದು ಕೇಳಿಸಿರಲಿಲ್ಲ. ಚೆಂಡು ನೆಲಕ್ಕೆ ಬಡಿದು, ಕ್ಯಾಚರನ ಕಾಲಿಗೆ ತಾಗಿ, ಹಿಂದಕ್ಕೆ ಉರುಳುತ್ತಿತ್ತು. ಕೋಚ್ ಎರಡು ಭಾಷೆಯಲ್ಲಿ ಓಡು ಓಡು ಎಂದು ಕಿರುಚುತ್ತಿದ್ದ. ನನಗೆ ಅರ್ಥವಾಗಲಿಲ್ಲ, ಔಟಾದವಳು ಯಾಕೆ ಓಡಬೇಕು? ಮೊಮ್ಮಗಳು ಬ್ಯಾಟ್ ಬಿಸಾಡಿ ಓಡಿದಳು. ನಾನು ಎದ್ದು ನಿಂತು, "ಲೇಡಿಲೈಕ್ ಆಮೇಲೆ" ಎಂದು ಕೂಗಿದೆನಂತೆ. ನನಗೆ ಗೊತ್ತಿಲ್ಲ, ಅವಳೇ ಹೇಳಿದ್ದು. ಗಾಬರಿಯಾದ ಕ್ಯಾಚರ್ ಚೆಂಡನ್ನು ತಡಕಾಡಿ ಹಿಡಿದು ಮೊದಲ ಬೇಸಿಗೆ ಎಸೆದ. ಅದು ಅಲ್ಲಿದ್ದವನ ತಲೆಯ ಮೇಲಿಂದ ಹಾರಿ ನನ್ನ ಬ್ಲ್ಯಾಕ್‌ಬೆರಿ ಪೊದೆಗೆ ಬಿತ್ತು. ಅಷ್ಟರಲ್ಲಿ ಮೊಮ್ಮಗಳು ಆ ಬೇಸ್ ಮುಟ್ಟಿದ್ದಳು, ಮೇಷ್ಟರು, ಒಗೆಯದ ಕಾಲುಚೀಲದ ಸಮೇತ, ಮನೆ ಮುಟ್ಟಿದ್ದರು.

ಗೆದ್ದೆವು.

ಕೋಡುಬಳೆ ತಿನ್ನುತ್ತ ಕೋಚ್ ನನಗೆ ಕಾನೂನು ಬಿಡಿಸಿ ಹೇಳಿದ. ಮೂರನೆಯ ಸ್ಟ್ರೈಕಿನ ಚೆಂಡನ್ನು ಕ್ಯಾಚರ್ ನೆಟ್ಟಗೆ ಹಿಡಿಯದಿದ್ದರೆ, ಆಗ ಇಬ್ಬರು ಔಟಾಗಿದ್ದರೆ, ಹೊಡೆಯಲಾಗದವರೂ ಓಡಬಹುದು. ಚೆಂಡಿಗಿಂತ ಮೊದಲು ಬೇಸ್ ಮುಟ್ಟಿದರೆ ಉಳಿದರು. ನಮ್ಮನೆಯವರು ಇದ್ದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ಇದೇನೇ ಇದು, ಔಟಾದಮೇಲೆ ಓಡೋದು, ಇದೂ ಒಂದು ಆಟವಾ, ಎನ್ನುತ್ತಿದ್ದರು. ನನಗೆ ಮಾತ್ರ ಈ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಕಾನೂನು ಇನ್ನೊಂದಿಲ್ಲ ಎನ್ನಿಸುತ್ತದೆ. ವಾಪಸು ಬರುವಾಗ ಕಾರಿನಲ್ಲಿ ಮೊಮ್ಮಗಳು, "ಸೋ, ಹೇಗಿತ್ತು ನನ್ನ ಬ್ಯಾಟಿಂಗ್?" ಎಂದಳು. ಬ್ಯಾಟಿಂಗ್ ತೀರ ಕೆಟ್ಟದಾಗಿತ್ತು ಮರಿ, ಓಟ ಮಾತ್ರ ನಂದೇ, ಎಂದೆ. ಅವಳು ಎಷ್ಟು ನಕ್ಕಳೆಂದರೆ ನಾನು ಮತ್ತೆ ಹಿಡಿಕೆ ಹಿಡಿದುಕೊಂಡೆ.

ಈ ವರ್ಷ ಅವಳಿಲ್ಲ, ನಾನೊಬ್ಬಳೇ ಬಸ್ಸಿನಲ್ಲಿ ಹೋಗುತ್ತೇನೆ. ಟೀಮಿನ ಶಾಸ್ತ್ರ ಬದಲಾಗಿದೆ. ಆ ದಿನ ನನ್ನ ಕುರ್ಚಿ ಇದ್ದ ಜಾಗಕ್ಕೆ ಕೋಚ್ ಸುಣ್ಣದಲ್ಲಿ ಗುರುತು ಹಾಕುತ್ತಾನೆ. ನಮ್ಮವರು ಬ್ಯಾಟ್ ಹಿಡಿದರೆ ನಾನು ಅಲ್ಲೇ, ಅದೇ ಕಡೆಗೆ ಮುಖ ಮಾಡಿ, ಕಣ್ಣು ಕೀಳದೆ ನೋಡಬೇಕು. ಮೊನ್ನೆ ಭಾನುವಾರ ಟಾಯ್ಲೆಟ್ಟಿಗೆಂದು ಎದ್ದರೆ ಮೇಷ್ಟರು ದೂರದಿಂದಲೇ ಪ್ರೈಮರಿ ಮಕ್ಕಳಿಗೆ ಹೇಳುವ ಹಾಗೆ ಕೈ ಸನ್ನೆ ಮಾಡಿ ಕೂರಿಸಿದರು. ಕಾನ್ವೆಂಟಿನಲ್ಲಿ ಕಲಿತವಳು, ಕೂತೆ.

ಸಂಜೆ ಮೊಮ್ಮಗಳು ಫೋನ್ ಮಾಡಿದಳು. ಮೇ ತಿಂಗಳಲ್ಲೂ ಅಲ್ಲಿ ಚಳಿಯಂತೆ. ಅಜ್ಜಿ, ನನ್ನ ಸ್ವೆಟರ್ ಎಲ್ಲಿ, ಹೋದ ವರ್ಷದಿಂದ ಹೆಣೀತಾ ಇದೀಯಲ್ಲ, ಎಂದಳು. ಒಂದು ತೋಳು ಹಾಗೇ ಉಳಿದಿದೆ ಪುಟ್ಟಿ, ಏನು ಮಾಡಲಿ, ಈಗ ಕಣ್ಣಿಗೆ ಬೇರೆ ಕೆಲಸ ಇದೆ, ಎಂದೆ.