ಕರ್ತನಿಗೂ ಜೋಯಿಸರಿಗೂ

ನಾನು ಯೇಸುಸ್ವಾಮಿಯ ಜೊತೆ ಸ್ವಲ್ಪ ಜೋರಾಗಿಯೇ ಮಾತಾಡುತ್ತೇನೆ. ಇದು ಭಕ್ತಿಯ ಲಕ್ಷಣವೇನಲ್ಲ. ಮನಸ್ಸಿನೊಳಗೇ ಪ್ರಾರ್ಥಿಸೋಣವೆಂದು ಕೂತರೆ ಎರಡನೆಯ ವಾಕ್ಯಕ್ಕೆ ನಿದ್ದೆ ಬರುತ್ತದೆ, ಇಲ್ಲವೇ ಗ್ಯಾಸ್ ಸಿಲಿಂಡರ್ ಬುಕ್ ಮಾಡಿದೆನೋ ಇಲ್ಲವೋ ಎಂಬ ಯೋಚನೆ ಹತ್ತಿಕೊಳ್ಳುತ್ತದೆ. ನಮ್ಮ ಪಾಸ್ಟರ್ ಒಂದು ಭಾನುವಾರ, ಯೇಸುವನ್ನು ಹಬ್ಬಕ್ಕೆ ಬರುವ ನೆಂಟನಂತೆ ಕಾಣಬೇಡಿ, ದಿನಾ ಮಾತಾಡಿಸುವ ಗೆಳೆಯನಂತೆ ಕಾಣಿ ಎಂದರು. ಉಳಿದವರು ಒಳ್ಳೆಯ ಮಾತು ಎಂದು ತಲೆಯಾಡಿಸಿ ಮನೆಗೆ ಹೋಗಿ ಊಟ ಮಾಡಿದರು. ನಾನು ಮರುದಿನವೇ ಟೆರೇಸು ಹತ್ತಿ ಶುರು ಮಾಡಿಬಿಟ್ಟೆ. ಮನೆಯೊಳಗೇ ಮಾಡಬಹುದಿತ್ತು. ಆದರೆ ನನ್ನ ಹೆಂಡತಿ ಗ್ರೇಸ್, ನೀವು ಅವರ ಹತ್ತಿರ ಹೇಳುವುದರಲ್ಲಿ ಅರ್ಧ ನನ್ನ ಮೇಲಿನ ದೂರೇ ಇರುತ್ತದೆ, ನನ್ನ ಕಿವಿಗೆ ಬೀಳದ ಕಡೆ ಹೇಳಿಕೊಳ್ಳಿ ಎಂದಿದ್ದಳು.

ಅವಳ ಕಿವಿಯನ್ನು ತಪ್ಪಿಸಲು ಹೋಗಿ ಜೋಯಿಸರ ಕಿವಿಗೆ ಬಿದ್ದೆ. ಶಿವಮೊಗ್ಗದ ರವೀಂದ್ರನಗರದ ನಮ್ಮ ಬೀದಿಯಲ್ಲಿ ಟೆರೇಸಿಗೂ ಟೆರೇಸಿಗೂ ನಡುವೆ ಒಂದು ಮೋಟುಗೋಡೆ ಅಷ್ಟೆ. ಪಕ್ಕದ ಮನೆಯ ಜೋಯಿಸರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ದಾಸವಾಳದ ಕುಂಡಗಳಿಗೆ ನೀರು ಹಾಕಲು ಮೇಲೆ ಬರುತ್ತಾರೆ. ನಾನು ಕಣ್ಣು ಮುಚ್ಚಿರುತ್ತಿದ್ದೆನಾದ್ದರಿಂದ ಯಾರೂ ಇಲ್ಲವೆಂದೇ ನಂಬಿದ್ದೆ. ಹಾಲು ಕುಡಿಯುವ ಬೆಕ್ಕಿನ ನಂಬಿಕೆಯೂ ಇಂಥದ್ದೇ.

ಒಮ್ಮೆ ಜ್ವರ ಬಂದು ಕೆಲವು ದಿನ ಟೆರೇಸಿಗೆ ಹೋಗಲಾಗಲಿಲ್ಲ. ಜೋಯಿಸರೇ ಗೇಟು ತೆಗೆದುಕೊಂಡು ಬಂದರು. ಜ್ವರ ಹೇಗಿದೆ ಎಂದು ಕೇಳಲಿಲ್ಲ. ಕುರ್ಚಿ ಎಳೆದು ಕೂತು, "ಆ ಮೊಣಕಾಲಿನ ವಿಷಯ ಹೇಳ್ತಿದ್ರಲ್ಲ, ಅವರೇನಂದ್ರು?" ಎಂದರು.

"ಯಾರು?"

"ಅವರೇ. ನೀವು ದಿನಾ ಮಾತಾಡಿಸ್ತೀರಲ್ಲ."

ನನಗೆ ಇಳಿದಿದ್ದ ಜ್ವರ ಮತ್ತೆ ಏರಿದಂತಾಯಿತು. ಜೋಯಿಸರು ನನ್ನ ಪ್ರಾರ್ಥನೆಯನ್ನು ಧಾರಾವಾಹಿಯ ಹಾಗೆ ತಪ್ಪದೆ ಕೇಳಿಸಿಕೊಂಡಿದ್ದರು. ಮೈಸೂರಿನಲ್ಲಿರುವ ನನ್ನ ಮಗಳಿಗೆ ವರ್ಗವಾಗುವ ಭಯ, ನನ್ನ ಸಕ್ಕರೆ ಕಾಯಿಲೆ, ನಾನು ಕದ್ದು ತಿನ್ನುವ ಮೈಸೂರುಪಾಕು, ಎಲ್ಲವೂ ಅವರಿಗೆ ಬಾಯಿಪಾಠ. ನಾಚಿಕೆಯಾಗಿ ದನಿ ತಗ್ಗಿಸಲು ನೋಡಿದೆ, ನಿದ್ದೆ ಬಂತು. ಮತ್ತೆ ದನಿ ಏರಿಸಿದೆ. ಆಗಿನಿಂದ ಹೊಸ ತೊಂದರೆ. ಸ್ವಾಮಿಗೆ ಎಲ್ಲ ಗೊತ್ತಿದ್ದರೂ ಸುಮ್ಮನಿರುತ್ತಾನೆ. ಜೋಯಿಸರು ಸುಮ್ಮನಿರುವುದಿಲ್ಲ. ಸಿಹಿ ಬಿಟ್ಟೆ ಕರ್ತನೇ ಎಂದು ನಾನೊಂದು ದಿನ ಹೇಳಿದ್ದಕ್ಕೆ ಗೋಡೆಯಾಚೆಯಿಂದ ಮೆಲ್ಲಗೆ ಕೆಮ್ಮು ಕೇಳಿಸಿತು. ಹಿಂದಿನ ಸಂಜೆ ಬೇಕರಿಯಲ್ಲಿ ನಾವಿಬ್ಬರೂ ಎದುರುಬದುರಾಗಿದ್ದೆವು.

ಮೇಷ್ಟರಾಗಿದ್ದವರಲ್ಲವೇ, ತಿದ್ದದೆ ಇರಲಾರರು. ನೀವು ಅರ್ಧ ಗಂಟೆ ಹೇಳ್ತೀರಿ, ಆಮೆನ್ ಅಂತೀರಿ, ಇಳಿದು ಹೋಗ್ತೀರಿ, ಅವರು ಬಾಯಿ ತೆಗೆಯುವ ಹೊತ್ತಿಗೆ ನೀವು ಮೆಟ್ಟಿಲ ಮೇಲಿರ್ತೀರಿ ಎಂದರು ಒಂದು ದಿನ. ಇದಕ್ಕೆ ನಾನು ನಕ್ಕೆ. ಆಮೇಲೆ ಹೇಳಿದ್ದಕ್ಕೆ ನಗು ಬರಲಿಲ್ಲ.

"ಅಣ್ಣನ್ನ ಕ್ಷಮಿಸಿದೀನಿ ಅಂತ ದಿನಾ ಹೇಳ್ತೀರಲ್ಲ ಮಾರಾಯ್ರೇ. ಕ್ಷಮಿಸಿದ್ಮೇಲೆ ಒಂದ್ಸಲ ಹೇಳಿದ್ರೆ ಸಾಲ್ದಾ? ಅಣ್ಣನಿಗೆ ಹೇಳಿದ್ದೀರಾ?"

ಅಣ್ಣನ ಕಥೆ ಹೀಗೆ. ಜೇಕಬಣ್ಣ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದವನು. ನನ್ನ ಮಗಳ ನಿಶ್ಚಿತಾರ್ಥದ ದಿನ ಊಟಕ್ಕೆ ಮುಂಚಿನ ಪ್ರಾರ್ಥನೆ ನನ್ನ ಪಾಲಿಗೆ ಬಂದಿತ್ತು. ಬೀಗರ ಮುಂದೆ ಚೆನ್ನಾಗಿರಲಿ ಎಂದು ಒಂದು ವಾರ ಅಭ್ಯಾಸ ಮಾಡಿದ್ದೆ. ನಾನು ಇನ್ನೂ ಮಧ್ಯದಲ್ಲಿದ್ದಾಗ ಜೇಕಬಣ್ಣ ಗಟ್ಟಿಯಾಗಿ "ಆಮೆನ್" ಎಂದ. ಇಡೀ ಪಂಕ್ತಿ ಆಮೆನ್ ಎಂದಿತು. ಕಣ್ಣು ಬಿಟ್ಟು ನೋಡಿದರೆ ಬೀಗರು ಆಗಲೇ ಹಪ್ಪಳ ಮುರಿಯುತ್ತಿದ್ದರು. ಕೈ ತೊಳೆಯುವ ಕಡೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಮದುವೆಗೆ ಅವನು ಬರಲಿಲ್ಲ, ನಾನು ಕರೆಯಲು ಹೋಗಲೂ ಇಲ್ಲ. ಈಗ ಮೊಮ್ಮಗಳ ದೀಕ್ಷಾಸ್ನಾನ ಹತ್ತಿರ ಬಂದಿತ್ತು. ದೊಡ್ಡಪ್ಪ ಬರದಿದ್ದರೆ ನಾನೂ ಬರುವುದಿಲ್ಲ ಎಂದು ಮಗಳು, ತನ್ನ ಮಗುವಿನದೇ ದೀಕ್ಷಾಸ್ನಾನ ಎನ್ನುವುದನ್ನು ಮರೆತು, ಫೋನಿನಲ್ಲಿ ಹೇಳಿದ್ದಳು.

ಒಂದು ಶನಿವಾರ ಜೋಯಿಸರು ಶಲ್ಯ ಹೊದ್ದು ಬಂದು, ಭದ್ರಾವತಿಗೆ ನಡೀರಿ ಎಂದು ನನ್ನ ಸ್ಕೂಟರಿನ ಹಿಂದೆ ಕೂತೇಬಿಟ್ಟರು. ಮಲವಗೊಪ್ಪ ದಾಟುವಾಗ, ಮನೆಗೆ ಬೀಗ ಹಾಕಿದೆನೋ ಇಲ್ಲವೋ, ವಾಪಸ್ಸು ಹೋಗೋಣ ಎಂದೆ. ಗ್ರೇಸಮ್ಮ ಮನೆಯಲ್ಲೇ ಇದ್ದಾರೆ, ಗಾಡಿ ಬಿಡಿ ಎಂದರು.

ಅಣ್ಣ ಕ್ವಾರ್ಟರ್ಸ್ ಬಿಟ್ಟು ಹೊಸ ಮನೆ ಮಾಡಿದ್ದ. ವಿಳಾಸ ಕೇಳಲು ಒಂದು ಚಹಾ ಅಂಗಡಿಯ ಮುಂದೆ ನಿಂತೆವು. ಅಂಗಡಿಯ ಮುರುಗೇಶಿ ನನ್ನ ಮುಖವನ್ನೇ ನೋಡಿ, "ಶಿವಮೊಗ್ಗ ತಮ್ಮ ನೀವೇನಾ ಸಾರ್?" ಎಂದು ಸ್ಟೂಲು ಒರೆಸಿ ನನ್ನನ್ನು ಕೂರಿಸಿದ. "ಎದೆ ಹೆಂಗಿದೆ ಈಗ? ಆಪರೇಷನ್ ಆಯ್ತಾ?"

ನನಗೆ ಎದೆಯ ತೊಂದರೆ ಏನೂ ಇಲ್ಲವೆಂದೆ. ಅವನು ನಂಬಲಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು. ಅಣ್ಣ ಹೋಗುವ ಪ್ರಾರ್ಥನಾ ಮಂದಿರದಲ್ಲಿ ಮೈಕು ಇದೆ. ಅಣ್ಣ ಪ್ರತಿ ಶುಕ್ರವಾರ ಅದರಲ್ಲಿ, ಶಿವಮೊಗ್ಗದಲ್ಲಿರುವ ನನ್ನ ತಮ್ಮನ ಎದೆ ಕಲ್ಲಾಗಿದೆ, ಅದನ್ನು ಕರಗಿಸು ತಂದೆಯೇ ಎಂದು ಕಣ್ಣೀರು ಹಾಕಿ ಬೇಡುತ್ತಾನೆ. ಮೂತ್ರಪಿಂಡದಲ್ಲಿ ಕಲ್ಲಾದ ಹಾಗೆ ಎದೆಯಲ್ಲೂ ಆಗುತ್ತದೆಂದು ಬೀದಿಗೆ ಬೀದಿಯೇ ತಿಳಿದಿದೆ. ನಾವೂ ಮಾರಿಯಮ್ಮನಿಗೆ ಹೇಳಿಕೊಂಡಿದ್ದೇವೆ ಎಂದ ಮುರುಗೇಶಿ, ಚಹಾ ಲೈಟಾಗಿ ಕೊಟ್ಟ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ಬಾಳೆದಿಂಡಿನ ರಸ ಕುಡಿಯಲು ಹೇಳಿದಳು. ಜೋಯಿಸರು ಶಲ್ಯದಲ್ಲಿ ಮುಖ ಮುಚ್ಚಿಕೊಂಡಿದ್ದರು, ಅವರ ಹೆಗಲು ಕುಣಿಯುತ್ತಿತ್ತು.

ರೋಗಿಯನ್ನು ಒಂಟಿಯಾಗಿ ಕಳಿಸಬಾರದೆಂದು ಮುರುಗೇಶಿಯೂ ಜೊತೆಗೆ ಬಂದ. ಅಣ್ಣ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ತಲೆ ಎತ್ತಿ ನೋಡಿ, ಬಾ ಎಂದ. ನಾನು ದಾರಿಯುದ್ದಕ್ಕೂ ಸಿದ್ಧಪಡಿಸಿದ್ದ ಮಾತನ್ನು ನಿಂತಲ್ಲೇ ಹೇಳಿದೆ: "ಅಣ್ಣ, ನಾನು ನಿನ್ನನ್ನ ಕ್ಷಮಿಸಿದ್ದೀನಿ."

ಅವನ ಮುಖ ಕೆಂಪಾಯಿತು. "ನೀನು ನನ್ನನ್ನ ಕ್ಷಮಿಸೋದಾ? ನಾನು ನಿನ್ನನ್ನ ಮದುವೆಗೆ ಮೊದ್ಲೇ ಕ್ಷಮಿಸಿ ಆಗಿದೆ."

ಯಾರು ಮೊದಲು ಕ್ಷಮಿಸಿದ್ದು ಎಂಬುದಕ್ಕೆ ನಿಶ್ಚಿತಾರ್ಥದ ದಿನಕ್ಕಿಂತ ದೊಡ್ಡ ಜಗಳವಾಯಿತು. ಜೋಯಿಸರು ನನ್ನ ಪರ ಸಾಕ್ಷಿ ಹೇಳಿದರು, ಮುರುಗೇಶಿ ಅಣ್ಣನ ಪರ. ಆಗ ಅತ್ತಿಗೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು.

"ಇಬ್ಬರೂ ಕ್ಷಮಿಸಿದ್ದೀರಿ, ಒಳ್ಳೇದಾಯ್ತು. ಹಾಗಾದ್ರೆ ತಪ್ಪು ಮಾಡಿದ್ದು ಯಾರು, ನಾನಾ?"

ಅಣ್ಣ ಒಂದೆರಡು ಕಾಯಿ ಸುಲಿದು, ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ಅವತ್ತು ನಿನ್ನ ಪ್ರಾರ್ಥನೆಯಲ್ಲಿ ಅಮ್ಮನ ಹೆಸರು ಬಂತು. ಇನ್ನೊಂದು ಮಾತು ಆಡಿದ್ರೆ ಅಷ್ಟು ಜನರ ಮುಂದೆ ನಾನು ಅತ್ತುಬಿಡ್ತಿದ್ದೆ. ಅದಕ್ಕೆ ಆಮೆನ್ ಅಂದೆ."

ನಾನು ಅಮ್ಮನ ಹೆಸರನ್ನು ಸೇರಿಸಿದ್ದು ಬೀಗರ ಕಣ್ಣು ಒದ್ದೆಯಾಗಲಿ ಎಂದು. ಒದ್ದೆಯಾಗುತ್ತಿದ್ದ ಕಣ್ಣು ಯಾವುದೆಂದು ನೋಡಿರಲೇ ಇಲ್ಲ, ನನ್ನದು ಮುಚ್ಚಿತ್ತಲ್ಲ. ಗೊತ್ತಿರಲಿಲ್ಲ ಅಣ್ಣ, ತಪ್ಪಾಯ್ತು ಎಂದೆ. ಗೊತ್ತಾಗುವ ಹಾಗೆ ನಾನೂ ಹೇಳಲಿಲ್ಲ ಎಂದ. ಅವನ ಪಕ್ಕದಲ್ಲಿ ಕೂತು ಸಿಪ್ಪೆಯೊಳಗಿನ ಕಾಳನ್ನು ಆರಿಸತೊಡಗಿದೆ. ಕ್ಷಮಿಸುವುದು ನನಗೆ ಎಷ್ಟು ಸುಲಭವಾಗಿತ್ತು ಎಂದು ಆಗ ಹೊಳೆಯಿತು. ಮೇಲಿನ ಮೆಟ್ಟಿಲಲ್ಲಿ ನಿಂತು ಮಾಡಬಹುದಾದ ಕೆಲಸ ಅದು. ದೀಕ್ಷಾಸ್ನಾನಕ್ಕೆ ಬರುತ್ತೇನೆಂದು ಅಣ್ಣ ಒಪ್ಪಿದ. ಮುರುಗೇಶಿ ಮಾತ್ರ ನನ್ನ ಕಣ್ಣಲ್ಲಿ ನೀರು ಕಂಡು ಗಾಬರಿಬಿದ್ದು, ಎದೆ ನೋಯುತ್ತಿದೆಯೇ ಎಂದು ಕೇಳಿದ.

ವಾಪಸ್ಸು ಬರುವಾಗ ಜೋಯಿಸರು, ಊರು ಹತ್ತಿರವಾದಾಗ ಹಿಂದಿನಿಂದ ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಾಳೆ ಮಾತಾಡುವಾಗ ನನ್ನ ತಂಗಿ ವಿಷಯಾನೂ ಸ್ವಲ್ಪ ಹಾಕಿ. ಅವಳಿಗೆ ಒಂದು ಮಾತು ಅಂದುಬಿಟ್ಟಿದ್ದೀನಿ, ಅನ್ನಬಾರದಿತ್ತು. ನಮ್ಮ ದೇವರಿಗೆ ನಾನು ಹೇಳೋದೆಲ್ಲ ಸಂಸ್ಕೃತದಲ್ಲಿ. ಮನೆ ವಿಷಯ ಅದರಲ್ಲಿ ಹೇಳೋಕೆ ನನಗೆ ಬರಲ್ಲ."

ಇಷ್ಟು ವರ್ಷ ಪಾಠ ಹೇಳಿದವರು ಅದನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಗಾಳಿಯಲ್ಲಿ ಅರ್ಧ ಊಹಿಸಿಕೊಳ್ಳಬೇಕಾಯಿತು.

ಮರುದಿನ ಟೆರೇಸಿಗೆ ಹೋದೆ. ಬೇರೆಯವರ ಮನೆಯ ಮಾತು, ಕೂಗಿ ಹೇಳುವಂಥದ್ದಲ್ಲ. ನನ್ನ ಜೀವನದಲ್ಲಿ ಮೊದಲ ಸಲ ಪಿಸುಮಾತಿನಲ್ಲಿ ಪ್ರಾರ್ಥಿಸಿದೆ. ಆಶ್ಚರ್ಯವೆಂದರೆ ನಿದ್ದೆ ಬರಲಿಲ್ಲ. ಹೇಳಿ ಮುಗಿದ ಮೇಲೆ ತಕ್ಷಣ ಏಳಲೂ ಮನಸ್ಸಾಗಲಿಲ್ಲ.

ಗೋಡೆಯಾಚೆ ನೀರು ಹಾಕುವ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. "ಹೇಳಿದ್ರಾ? ನನಗೇನೂ ಕೇಳಿಸ್ಲಿಲ್ಲ" ಎಂದರು ಜೋಯಿಸರು.

ಹೇಳಿದೆ ಎಂದೆ. ಅವರು ಇನ್ನೇನನ್ನೋ ಕೇಳುವವರಂತೆ ಬಾಯಿ ತೆಗೆದು, ಬೇಡವೆನಿಸಿತೇನೋ, ತಂಬಿಗೆಯನ್ನು ಗೋಡೆಯ ಮೇಲಿಟ್ಟು ನನ್ನ ಹಾಗೆಯೇ ಸುಮ್ಮನೆ ಕೂತರು.