ಹುಲಿಗೆವ್ವನ ಕಪ್ಪು ಕೂಸು

ಹುಲಿಗೆವ್ವ ಮತ್ತು ಅವಳ ಗಂಡ ಹೊಳೆಪ್ಪ ಕಾರ್ಕಳದಿಂದ ಶಂಕರಪುರಕ್ಕೆ ಬಂದು ನಮ್ಮ ಹಿತ್ತಲ ಕೋಣೆಯನ್ನು ಬಾಡಿಗೆಗೆ ಹಿಡಿದ ದಿನ ಅವಳ ರವಿಕೆಯ ಎದೆಭಾಗ ಒದ್ದೆಯಾಗಿತ್ತು. ನನಗೂ ಇಬ್ಬರು ಮಕ್ಕಳಾದದ್ದರಿಂದ ಅದು ಹಾಲೆಂದು ಗೊತ್ತಾಯಿತು. ಮಗು ಎಲ್ಲಿ ಎಂದು ಕೇಳಿದೆ.

"ಇಲ್ರಿ ಅಕ್ಕಾರ" ಎಂದಳು. ಸೆರಗು ಎಳೆದುಕೊಂಡು ಗಂಟು ಒಳಗಿಡಲು ಹೋದಳು.

ಅವರು ಕೊಪ್ಪಳದ ಕಡೆಯವರು. ಹೊಳೆಪ್ಪ ಗಾರೆ ಕೆಲಸದವನು. ಹುಲಿಗೆವ್ವ ಸಿಮೆಂಟು, ಜಲ್ಲಿ ಹೊರುತ್ತಿದ್ದಳು. ಇನ್ನು ಆ ಕೆಲಸ ಬೇಡವೆಂದು ನಾನೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಲು ಕಲಿಸಿದೆ. ಮೊಗ್ಗು ಕಟ್ಟುತ್ತಾ ಕಟ್ಟುತ್ತಾ, ತುಂಡು ತುಂಡಾಗಿ ಅವಳ ಕತೆ ಹೊರಬಂತು.

ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಹೆಣ್ಣು ಕೂಸು. ತಾಯಿಯ ಹಾಗೆಯೇ ಕಡುಗಪ್ಪು. ಹೆರಿಗೆಯಾದದ್ದು ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಅಲ್ಲಿಂದ ಬಿಡುವ ಮೊದಲು ಕೂಸಿನ ಕೈಗೂ ಕಾಲಿಗೂ ಕೆಂಪು ಬೆಳಕಿನ ಪಟ್ಟಿ ಸುತ್ತಿ ಆಮ್ಲಜನಕ ನೋಡಿದರು. ನೂರಕ್ಕೆ ತೊಂಬತ್ತೈದು ಬಂತು. ಸಾಕು ಎಂದರು.

ಮನೆಗೆ ಬಂದ ಮೇಲೆ ಕೂಸು ನಾಲ್ಕು ಗುಟುಕು ಕುಡಿದು ಬಿಟ್ಟುಬಿಡುತ್ತಿತ್ತು. ಹಾಲು ಕುಡಿಯುವಾಗ ಹಣೆ ಬೆವರುತ್ತಿತ್ತು. ಹುಲಿಗೆವ್ವ ಅದನ್ನು ಎತ್ತಿಕೊಂಡು ವಾಪಸು ಓಡಿದಳು.

"ಕೂಸಿನ ನಾಲಿಗಿ ನೇರಳಿ ಹಣ್ಣು ತಿಂದಂಗ ಕಾಣ್ತೈತ್ರಿ" ಎಂದು ನರ್ಸ್ ಬ್ರೆಂಡಾಗೆ ಹೇಳಿದಳು.

ಬ್ರೆಂಡಾ ಒಳ್ಳೆಯ ಹುಡುಗಿಯಂತೆ. ಕೂಸಿನ ಬಾಯಿ ಬಿಡಿಸಿ ನೋಡಿದಳು, ಮತ್ತೆ ಕಾಲಿಗೆ ಪಟ್ಟಿ ಸುತ್ತಿದಳು. "ತೊಂಬತ್ತೈದೇ ಉಂಟು ಅಲ್ವಾ. ಹೆದರಬೇಡಿ" ಎಂದಳು. ಡಾಕ್ಟರೂ ಆ ಅಂಕೆ ನೋಡಿ, ಮೂಗು ಕಟ್ಟಿರಬೇಕೆಂದು ಹನಿ ಬರೆದುಕೊಟ್ಟರು.

ಮರುದಿನ ಮಧ್ಯಾಹ್ನ ಮೊಲೆ ಬಾಯಲ್ಲಿರುವಾಗಲೇ ಕೂಸು ಕೈಕಾಲು ಚೆಲ್ಲಿತು. ಕಾರ್ಕಳದಿಂದ ಮಣಿಪಾಲದವರೆಗೂ ಹೊಳೆಪ್ಪ ಅದರ ಪಾದ ಉಜ್ಜುತ್ತಾ ಬಂದನಂತೆ. ಹೃದಯದ ರಕ್ತನಾಳಗಳು ಹುಟ್ಟುವಾಗಲೇ ಅದಲು ಬದಲಾಗಿದ್ದವು. ಅಲ್ಲಿನ ಡಾಕ್ಟರರು ಬಹಳ ಪ್ರಯತ್ನಪಟ್ಟರು. ಸಂಜೆಯ ಹೊತ್ತಿಗೆ ಮುಗಿಯಿತು. ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರಿಟ್ಟಿರಲಿಲ್ಲ. ಕಾರ್ಕಳದ ಸ್ಮಶಾನದ ಒಂದು ಮೂಲೆಯಲ್ಲಿ ಹೊಳೆಪ್ಪ ತಾನೇ ಗುಂಡಿ ತೋಡಿದ.

"ದೇವರು ಎದಿ ಸರಿಯಾಗಿ ಮಾಡಿರಲಿಲ್ಲ. ಏನ್ ಮಾಡಾಕ ಬರ್ತೈತ್ರಿ?" ಎನ್ನುತ್ತಿದ್ದಳು ಹುಲಿಗೆವ್ವ. ಆ ಒಂದು ಮಾತನ್ನು ಹಿಡಿದುಕೊಂಡೇ ಅವಳು ದಿನ ನೂಕಿದಳು.

ಹೋದ ವರ್ಷ ಮತ್ತೆ ಬಸುರಾದಳು. ಈ ಸಲ ಹೊಳೆಪ್ಪ ಹಟ ಮಾಡಿ ಮಣಿಪಾಲಕ್ಕೇ ಕರೆದುಕೊಂಡು ಹೋದ. ಜೊತೆಗೆ ನಾನೂ ಹೋದೆ. ತಿಂಗಳು ತುಂಬುವ ಮೊದಲೇ ಗಂಡು ಹುಟ್ಟಿತು. ಅದೂ ಕಪ್ಪೇ. ಉಸಿರು ಜೋರಾಗಿ ಎಳೆಯುತ್ತಿತ್ತೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಕೆ ಹಾಕಿದರು. ಹೃದಯ ಸರಿಯಾಗಿದೆ ಎಂದರು.

ಅಲ್ಲಿ ತೃಷಾ ಎಂಬ ಡಾಕ್ಟರ್ ನಮ್ಮ ಹತ್ತಿರ ಬಂದು ಕೂತರು.

"ಚಿಕಿತ್ಸೆಗೆ ಅಂತ ಮಗುವಿನ ರಕ್ತ ಹೇಗೂ ತೆಗೆಯುತ್ತೇವೆ. ಅದರಲ್ಲಿ ಸಿಗುವ ಆಮ್ಲಜನಕದ ಲೆಕ್ಕವನ್ನು ಕಾಲಿಗೆ ಸುತ್ತಿರುವ ಈ ಬೆಳಕಿನ ಯಂತ್ರದ ಲೆಕ್ಕಕ್ಕೆ ಹೋಲಿಸಿ ನೋಡ್ತಾ ಇದ್ದೇವೆ. ಚರ್ಮದ ಬಣ್ಣವನ್ನೂ ಅಳೆಯಬೇಕು, ನೋವಾಗುವುದಿಲ್ಲ. ನೀವು ಒಪ್ಪಿದರೆ ಮಾತ್ರ."

"ಬಣ್ಣ ಯಾಕ್ರಿ?" ಹೊಳೆಪ್ಪ ಕೇಳಿದ.

"ಬೆಳಕು ಚರ್ಮ ದಾಟಿ ಹೋಗಬೇಕಲ್ಲ. ಚರ್ಮ ಕಪ್ಪಗಿದ್ದರೆ ಯಂತ್ರ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು."

ಹುಲಿಗೆವ್ವ ನನ್ನ ಕೈ ಹಿಡಿದಳು.

"ನನ್ನ ಮಗಳಿಗೆ ತೊಂಬತ್ತೈದು ತೋರಿಸ್ತ್ರಿ" ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಕೊನೆಗೆ, "ಅಕಿ ಬೆಳ್ಳಗಿದ್ದಿದ್ರ ಉಳೀತಿದ್ಲೇನ್ರಿ?"

ಡಾಕ್ಟರ್ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. "ನನಗೆ ಗೊತ್ತಿಲ್ಲಮ್ಮ. ಕಾಯಿಲೆ ದೊಡ್ಡದೇ ಇತ್ತು. ಬೇಗ ಗೊತ್ತಾಗಿದ್ದರೆ ಆಪರೇಷನ್ ಮಾಡಲು ಸಮಯ ಸಿಗುತ್ತಿತ್ತೋ ಏನೋ. ಯಂತ್ರ ಅವತ್ತು ತಪ್ಪು ತೋರಿಸಿತ್ತಾ ಅಂತ ಈಗ ಯಾರೂ ಹೇಳಲಾರರು."

ಹೊಳೆಪ್ಪನಿಗೆ ಇದೆಲ್ಲ ಬೇಡವಾಗಿತ್ತು. ಹುಲಿಗೆವ್ವನೇ "ಹೂಂ, ನೋಡ್ರಿ" ಎಂದಳು.

ಯಂತ್ರದಲ್ಲಿ ತೊಂಬತ್ತನಾಲ್ಕು ಇದ್ದ ಹೊತ್ತಿಗೆ ಹುಡುಗನ ರಕ್ತದಲ್ಲಿ ತೊಂಬತ್ತೂ ಇರಲಿಲ್ಲ. ಡಾಕ್ಟರ್ ಬಂದು ಅದನ್ನು ಹೇಳಿ, ಆಮ್ಲಜನಕ ಹೆಚ್ಚು ಮಾಡಿದ್ದೇವೆ, ಇನ್ನು ರಕ್ತ ನೋಡಿಕೊಂಡೇ ಮುಂದುವರಿಯುತ್ತೇವೆ ಎಂದರು. ಹುಲಿಗೆವ್ವ ಎದ್ದು ಹೋದಳು. ಎಷ್ಟು ಹೊತ್ತಾದರೂ ಬಾರದಿರಲು ನಾನು ಹುಡುಕಿಕೊಂಡು ಹೋದೆ. ಕೈತೊಳೆಯುವ ಜಾಗದಲ್ಲಿ ನೀರಿನ ನಳ್ಳಿ ಬಿಟ್ಟುಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

"ನಾಲಿಗಿ ನೋಡಿದ್ದೆರೀ ಅಕ್ಕಾರ. ನಾ ನೋಡಿದ್ದೆ. ಮಿಷಿನ್ ಮಾತು ಕೇಳಿ ಮನಿಗೆ ಬಂದೆ. ಆ ಬಣ್ಣಾನೂ ನಾನಽ ಕೊಟ್ಟಿದ್ದು."

ನನ್ನ ಹಿಂದೆಯೇ ಬಂದಿದ್ದ ಹೊಳೆಪ್ಪ ನಳ್ಳಿ ನಿಲ್ಲಿಸಿದ. "ನಾ ಏನ್ ಬೆಳ್ಳಗ ಅದೀನೇನ? ಇಬ್ರೂ ಕೊಟ್ಟೀವಿ. ಬಣ್ಣದ್ದೇನ್ ತಪ್ಪೈತಿ ಅದರಾಗ?" ಎಂದ.

ಹುಡುಗ ಚೇತರಿಸಿಕೊಂಡ. ಊರಿಂದ ಫೋನು ಮಾಡಿದವರೆಲ್ಲ ದೇವರು ಹೋದದ್ದನ್ನು ತಿರುಗಿ ಕೊಟ್ಟ ಎಂದರು. ಹುಲಿಗೆವ್ವ ಅದನ್ನು ಒಪ್ಪಲಿಲ್ಲ. ಹೋದ ಕೂಸು ಬೇರೆ, ಬಂದ ಕೂಸು ಬೇರೆ ಎಂದು ನನಗೆ ಮಾತ್ರ ಹೇಳಿದಳು. ಅವನಿಗೆ ಕರಿಬಸವ ಎಂದು ಹೆಸರಿಟ್ಟರು.

ಬಾಣಂತನ ಮುಗಿದ ಮೇಲೆ ಕಾರ್ಕಳಕ್ಕೆ ಹೋಗಬೇಕೆಂದಳು. ನಾವೇ ಕಟ್ಟಿ ಸುತ್ತಿದ ಒಂದು ಚೆಂಡು ಮಲ್ಲಿಗೆ ಹಿಡಿದುಕೊಂಡು ನಾವೆಲ್ಲ ಬಸ್ಸಿನಲ್ಲಿ ಹೋದೆವು. ಮಳೆಗಾಲ ಕಳೆದ ಸ್ಮಶಾನದ ತುಂಬಾ ಮುಳಿಹುಲ್ಲು ಸೊಂಟದೆತ್ತರ ಬೆಳೆದಿತ್ತು. ಹೊಳೆಪ್ಪ ಗುರುತಿಗೆ ಇಟ್ಟಿದ್ದ ಕಲ್ಲು ಸಿಗಲಿಲ್ಲ. ಅವನು ಬಗ್ಗಿ ಹುಲ್ಲು ಸರಿಸುತ್ತಾ ಗೋಡೆಯುದ್ದಕ್ಕೂ ಹುಡುಕಿದ. "ಇಲ್ಲೇ ಎಲ್ಲೋ ಇರಬೇಕು" ಎಂದ. ಮತ್ತೆ ಇನ್ನೊಂದು ಕಡೆ ಹೋಗಿ ಅದನ್ನೇ ಅಂದ.

ಹುಡುಗ ಹಸಿವಿಗೆ ಅಳತೊಡಗಿದ. ಹುಲಿಗೆವ್ವ ಹೂವನ್ನು ನನ್ನ ಕೈಗೆ ಕೊಟ್ಟು, ಗೋಡೆಗೆ ಒರಗಿ ಕೂತು ಅವನಿಗೆ ಮೊಲೆ ಕೊಟ್ಟಳು. ಕಣ್ಣೊರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.