ಅಂಬಾರಾಯ ಕಾಕಾ ಹಿಡಿದ ಉಸಿರು

ಗಾಣಗಾಪುರದ ಸಂಗಮದಲ್ಲಿ ಸ್ನಾನಕ್ಕೆ ಇಳಿದವರ ಉಂಗುರ, ತಂಬಿಗೆ, ಒಮ್ಮೊಮ್ಮೆ ಮನುಷ್ಯರೇ ನೀರುಪಾಲಾದರೆ ಮಂದಿ ಮೊದಲು ಕರೆಯುತ್ತಿದ್ದುದು ಅಂಬಾರಾಯ ಕಾಕಾನನ್ನು. ನಮ್ಮ ಹಿಂದಿನ ಓಣಿಯವರು. ಒಂದೇ ಉಸಿರು ಎಳೆದುಕೊಂಡು ಮುಳುಗಿದರೆ, ದಂಡೆಯ ಮೇಲಿದ್ದವರು ದತ್ತನ ಹೆಸರು ಹೇಳಿ ಹೇಳಿ, ಕಡೆಗೆ ಅದನ್ನೂ ನಿಲ್ಲಿಸಿ ಹೆದರಿದ ಮೇಲೆ ಅವರ ತಲೆ ಕಾಣುತ್ತಿತ್ತು. ಹಾಗೆ ಹೆದರಿಸುವುದು ಅವರಿಗೆ ಇಷ್ಟ.

"ಅಷ್ಟೊತ್ತು ಒಳಗ ಏನ್ ಮಾಡ್ತೀರಿ?" ಎಂದು ಕೇಳಿದರೆ, "ಅಲ್ಲಿ ಹಣಮವ್ವನ ದನಿ ಕೇಳಂಗಿಲ್ಲ ನೋಡ್ರಿ" ಎನ್ನುತ್ತಿದ್ದರು. ಹಣಮವ್ವ ಅವರ ಹೆಂಡತಿ.

ತೊಂಬತ್ತರ ದಶಕದಲ್ಲಿ ಸೊನ್ನದ ಕಡೆ ನದಿಗೆ ಬ್ಯಾರೇಜು ಕಟ್ಟುವ ಕೆಲಸ ನಡೆದಾಗ ಖಾಜಾ ಬಂದ. ಅಫಜಲಪುರದವನೇ. ಮುಂಬೈಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ದುಡಿಯುವ ಡೈವರ್ ಆಗಿದ್ದ. ಕಾಕಾ ಮುಳುಗುವುದನ್ನು ನೋಡಿ ಮನೆಗೇ ಬಂದು ಕುಳಿತ.

"ಕಾಕಾ, ಇಲ್ಲಿ ತಂಬಗಿ ಹುಡುಕ್ಕೋತ ಕುಂತೀರಲ್ರಿ! ಸರ್ಟಿಫಿಕೇಟ್ ಒಂದ್ ಸಿಕ್ರ ಬಂದರದಾಗ ಹಡಗಿನ ತಳ ನೋಡೋ ಕೆಲಸ ಅದ. ನೀರಾಗೇ ವೆಲ್ಡಿಂಗ್ ಮಾಡೋದದ. ಸಮುದ್ರದಾಗ ಎಣ್ಣಿ ತೆಗ್ಯೋ ಕಂಪನಿ ಅದಾವ. ಯಾವ್ದೂ ಬ್ಯಾಡಂದ್ರ ಗೋವಾದಾಗ ಟೂರಿಸ್ಟ್ ಮಂದಿಗೆ ಮೀನ ತೋರಿಸ್ಕೋತ ಇರ್ರಿ."

"ಮೀನ ತೋರ್ಸಾಕೂ ಪಗಾರ ಕೊಡ್ತಾರೇನಲೇ?"

"ಖುದಾ ಕಸಮ್, ಕೊಡ್ತಾರ್ರಿ."

ಹಣಮವ್ವ ಕಾಕಿ ಸಮುದ್ರ ನೋಡಿರಲಿಲ್ಲ. ಅದರ ನೀರು ಖರೇನೇ ಉಪ್ಪೇನು ಎಂದು ಖಾಜಾನನ್ನು ಮತ್ತೆ ಮತ್ತೆ ಕೇಳಿದರು. ಆ ವಾರವೇ ಅವರು ಟ್ರಂಕು ತಿಕ್ಕಿ ಬಿಸಿಲಿಗಿಟ್ಟಿದ್ದು ಓಣಿಗೆಲ್ಲ ಗೊತ್ತಾಯಿತು.

ಅಫಜಲಪುರದ ಹತ್ತಿರದ ಒಂದು ಹೊಲದ ದೊಡ್ಡ ಬಾವಿಯಲ್ಲಿ ಕಲಿಕೆ ಶುರುವಾಯಿತು. ಕಾಕಾನಿಗೆ ಎಲ್ಲವೂ ಬೇಗ ಬಂತು, ಒಂದನ್ನು ಬಿಟ್ಟು. ಸಿಲಿಂಡರಿನ ಗಾಳಿಯನ್ನು ಆಳದಲ್ಲಿ ಎಳೆದುಕೊಂಡು ಮೇಲೆ ಬರುವಾಗ ಅದು ಎದೆಯೊಳಗೆ ಉಬ್ಬುತ್ತದೆ. ಆದ್ದರಿಂದ ಉಸಿರು ಹಿಡಿಯಲೇಬಾರದು, ಬಿಡುತ್ತಲೇ ಬರಬೇಕು. ಖಾಜಾ ಜೊತೆಗಿದ್ದು ಭುಜ ತಟ್ಟಿದರೆ ಕಾಕಾ ಬಿಡುತ್ತಿದ್ದರು. ತಟ್ಟದಿದ್ದರೆ ಬಾಯಿ ತಾನಾಗಿ ಬಿಗಿಯುತ್ತಿತ್ತು. ಹುಟ್ಟಿದಾಗಿನಿಂದ ನದಿ ಅವರಿಗೆ ಕಲಿಸಿದ್ದು ಅದನ್ನೇ.

ಪರೀಕ್ಷೆಗೆ ಮುಂಬೈಯಿಂದ ಒಬ್ಬ ಮಾಸ್ತರು ಬಂದರು. ಬಾವಿಯ ತಳಕ್ಕೆ ನಟ್ಟು ಬಿಗಿಯುವ ಒಂದು ಪಾನಾ ಎಸೆದು, ಒಬ್ಬರೇ ಹೋಗಿ ತರಬೇಕೆಂದರು. ಕಾಕಾ ಇಳಿದರು. ನೀರಿನ ಮೇಲೆ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಬಾವಿಯ ಕೊನೆಯ ಮೆಟ್ಟಿಲ ಮೇಲೆ ಕುಳಿತ ಖಾಜಾ ಅವನ್ನೇ ನೋಡುತ್ತ ನಗುತ್ತಿದ್ದ. ಆಮೇಲೆ ಗುಳ್ಳೆ ನಿಂತವು.

"ಬಿಡ್ರಿ ಕಾಕಾ! ಉಸುರು ಬಿಡ್ರಿ!" ಎಂದು ಅವನು ನೀರಿಗೆ ಬಾಯಿ ಹಚ್ಚಿ ಕೂಗಿದ.

ಪಾನಾ ಹಿಡಿದ ಕೈ ಮೊದಲು ಮೇಲೆ ಬಂತು, ಆಮೇಲೆ ನಗುಮುಖ. ಮರುಕ್ಷಣ ಕೆಮ್ಮು, ಕೆಮ್ಮಿನ ಜೊತೆ ರಕ್ತ.

ದವಾಖಾನೆಗೆ ಬಂದ ಮಾಸ್ತರು ಬೈಯಲಿಲ್ಲ. ಎದೆ ವಾಸಿಯಾಗಲಿ, ಡಾಕ್ಟರು ಒಪ್ಪಿದರೆ ದೀಪಾವಳಿ ಮುಗಿಸಿ ಮುಂಬೈಗೆ ಬರಲಿ, ಮೊದಲಿಂದ ಕಲಿಸುತ್ತೇನೆ ಎಂದರು. ದೀಪಾವಳಿ ಮುಗಿದ ಮೇಲೆ ಖಾಜಾ ಕರೆಯಲು ಬಂದ.

"ಉಸುರಾಡೋದು ಕಲ್ಸಾಕ ನನಗ ಮಾಸ್ತರ ಬೇಕೇನಲೇ? ಊರಾಗ ಯಾರ ಮುಂದ ಹೇಳ್ಲಿ?" ಎಂದರು ಕಾಕಾ.

"ಹೋಗಿ ಬರ್ರಿ. ನಗೋರು ನಗ್ಲಿ" ಎಂದು ಕಾಕಿ ಬೇಡಿಕೊಂಡರು. ಕಾಕಾ ಗೋಡೆಯ ಕಡೆ ತಿರುಗಿ ಮಲಗಿದರು. ಖಾಜಾ ಚಹಾ ಕುಡಿಯದೆ ಎದ್ದುಹೋದ.

ಆ ಎದೆ ಮುಂದೆ ನದಿಗೂ ಒದಗಲಿಲ್ಲ. ಈಗ ಕಾಕಾ ಸಂಗಮದ ಮೆಟ್ಟಿಲ ಮೇಲೆ ತೆಂಗಿನಕಾಯಿ ಮಾರುತ್ತಾರೆ. ಒಮ್ಮೆ ಕಾಯಿ ಕೊಳ್ಳಲು ಬಂದವರು ಸಮುದ್ರದ ಮಾತು ತೆಗೆದಾಗ, "ಹೋಗಬೇಕಾಗಿತ್ರಿ" ಎಂದರು ಕಾಕಾ, ಯಾರೂ ಕೇಳದೆಯೇ. ನದಿಯಲ್ಲಿ ಯಾರಾದರೂ ಮುಳುಗು ಹಾಕಿದರೆ ಕಾಕಾನ ಕೈಯೊಳಗಿನ ಕಾಯಿ ಹಾಗೇ ನಿಲ್ಲುತ್ತದೆ, ಬಾಯಿ ಬಿಗಿಯುತ್ತದೆ. ಪಕ್ಕದಲ್ಲಿ ಕುಳಿತ ಕಾಕಿ ಮೆಲ್ಲಗೆ ಅವರ ಭುಜ ತಟ್ಟುತ್ತಾರೆ.

"ಬಿಡ್ರಿ" ಎನ್ನುತ್ತಾರೆ.